ಕಡಲಿಗೆ ಗಡಿ, ಬಲೆಗೆ ಬದುಕು: ಸಂರಕ್ಷಿತ ಸಾಗರ ಪ್ರದೇಶಗಳ ಮುಂದಿರುವ ಸವಾಲು

ಕಾಡಿನ ಅಂಚಿಗೆ ಗಡಿಕಲ್ಲು ನೆಡಬಹುದು, ಆನೆ ದಾಟದಂತೆ ಕಂದಕ ತೋಡಬಹುದು. ಆದರೆ ಕಡಲಿನ ಗಡಿಯನ್ನು ಗುರುತಿಸುವುದು ಹೇಗೆ? ನಕ್ಷೆಯ ಮೇಲೆ ಎಳೆದ ಗೆರೆ ಮೀನಿಗೆ ತಿಳಿಯದು. ಮೀನಿನ ಹಿಂಡನ್ನು ಅರಸಿ ಬೆಳಗಿನ ಜಾವ ಹೊರಟ ನಾಡದೋಣಿಯವನಿಗೂ ಅದು ಕಾಣದು. ಆದರೂ ಆ ಗೆರೆಯನ್ನು ದಾಟಿದ ತಪ್ಪಿಗೆ ಬಲೆ ಜಪ್ತಿಯಾಗುತ್ತದೆ, ದೋಣಿ ವಶವಾಗುತ್ತದೆ, ಮೊಕದ್ದಮೆ ದಾಖಲಾಗುತ್ತದೆ. ಕಡಲಜೀವಿಗಳ ರಕ್ಷಣೆ ಮತ್ತು ಕರಾವಳಿಯ ಜನರ ಹೊಟ್ಟೆಪಾಡು ಎದುರುಬದುರಾಗುವುದು ಇಲ್ಲಿಯೇ.

2022ರ ಡಿಸೆಂಬರ್‌ನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಜೀವವೈವಿಧ್ಯ ಸಮಾವೇಶವು 2030ರೊಳಗೆ ಭೂಮಿಯ ನೆಲ ಹಾಗೂ ಜಲಪ್ರದೇಶಗಳ ತಲಾ ಶೇ 30ರಷ್ಟು ಭಾಗವನ್ನು ಸಂರಕ್ಷಣೆಗೆ ಒಳಪಡಿಸುವ ಗುರಿಯನ್ನು ಅಂಗೀಕರಿಸಿತು. ಈ ಗುರಿಗೆ ಭಾರತವೂ ಒಪ್ಪಿದೆ. ಹೀಗಾಗಿ ಬರುವ ವರ್ಷಗಳಲ್ಲಿ ಕಡಲಿನ ಮೇಲೆ ಇಂತಹ ಇನ್ನಷ್ಟು ಗೆರೆಗಳು ಮೂಡುವುದು ನಿಶ್ಚಿತ. ಈಗಾಗಲೇ ಎಳೆದ ಗೆರೆಗಳು ಏನಾದವು ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನೆರೆಯ ಮಹಾರಾಷ್ಟ್ರ, ತಮಿಳುನಾಡು ಹಾಗೂ ಪೂರ್ವ ಕರಾವಳಿಯ ಒಡಿಶಾದ ಅನುಭವಗಳು ಕಣ್ಣೆದುರಿಗೇ ಇವೆ.

ಏನಿದು ಸಂರಕ್ಷಿತ ಸಾಗರ ಪ್ರದೇಶ?

ಹವಳದ ದಿಬ್ಬ, ಕಡಲಹುಲ್ಲಿನ ಹಾಸು, ಕಾಂಡ್ಲಾವನ, ಆಮೆಗಳು ಮೊಟ್ಟೆಯಿಡುವ ಮರಳದಂಡೆ ಮುಂತಾದ ಸೂಕ್ಷ್ಮ ತಾಣಗಳನ್ನು ಕಾನೂನಿನ ಮೂಲಕ ರಕ್ಷಿಸಿದಾಗ ಅದನ್ನು ಸಂರಕ್ಷಿತ ಸಾಗರ ಪ್ರದೇಶ ಎನ್ನಲಾಗುತ್ತದೆ. ಎಲ್ಲ ಪ್ರದೇಶಗಳಲ್ಲಿಯೂ ನಿಯಮ ಒಂದೇ ಇರುವುದಿಲ್ಲ. ಕೆಲವೆಡೆ ಬಲೆ ಬೀಸುವುದೇ ನಿಷಿದ್ಧ. ಕೆಲವೆಡೆ ಮೊಟ್ಟೆಯಿಡುವ ತಿಂಗಳುಗಳಲ್ಲಿ ಮಾತ್ರ ನಿರ್ಬಂಧ. ಇನ್ನು ಕೆಲವೆಡೆ ಟ್ರಾಲ್ ದೋಣಿಗಳಿಗೆ ತಡೆಯಿದ್ದು, ಸಣ್ಣ ದೋಣಿಗಳಿಗೆ ಅವಕಾಶವಿರುತ್ತದೆ.

ಇದರ ಹಿಂದಿರುವ ತರ್ಕ ಸರಳವಾದುದು. ದೊಡ್ಡ ಮೀನು ಸಣ್ಣ ಮೀನಿಗಿಂತ ಹಲವು ಪಟ್ಟು ಹೆಚ್ಚು ಮೊಟ್ಟೆಗಳನ್ನು ಇಡುತ್ತದೆ. ಒಂದು ತಾಣದಲ್ಲಿ ಮೀನುಗಳನ್ನು ಬೆಳೆಯಲು ಬಿಟ್ಟರೆ ಅಲ್ಲಿ ಹುಟ್ಟಿದ ಮರಿಗಳು ನೀರಿನ ಸೆಳೆತದೊಂದಿಗೆ ಸುತ್ತಲ ಕಡಲಿಗೂ ಹರಡುತ್ತವೆ. ಗಡಿಯೊಳಗಿನ ರಕ್ಷಣೆಯ ಲಾಭ ಗಡಿಯಾಚೆಯ ಬಲೆಗೂ ದೊರೆಯುತ್ತದೆ ಎಂಬುದು ವಿಜ್ಞಾನಿಗಳ ವಾದ.

ಮೆಕ್ಸಿಕೊದ ಕಾಬೊ ಪುಲ್ಮೊ ಇದಕ್ಕೆ ಪ್ರಸಿದ್ಧ ನಿದರ್ಶನ. ಮೀನಿನ ಕೊರತೆಯಿಂದ ಕಂಗೆಟ್ಟಿದ್ದ ಅಲ್ಲಿನ ಬೆಸ್ತರೇ ಮುಂದೆ ನಿಂತು ಒತ್ತಾಯಿಸಿದ ಫಲವಾಗಿ 1995ರಲ್ಲಿ 71 ಚ.ಕಿ.ಮೀ. ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. 1999ರಿಂದ 2009ರ ನಡುವಿನ ಹತ್ತು ವರ್ಷಗಳಲ್ಲಿ ಅಲ್ಲಿನ ಮೀನುಗಳ ಒಟ್ಟು ತೂಕ ಶೇ 460ಕ್ಕೂ ಹೆಚ್ಚು ವೃದ್ಧಿಸಿದುದನ್ನು ಸಂಶೋಧಕರು ದಾಖಲಿಸಿದ್ದಾರೆ. ಆದರೆ ಅದು ಬೆರಳೆಣಿಕೆಯ ಕುಟುಂಬಗಳ ಊರು. ಮೀನು ಹಿಡಿಯುವುದನ್ನು ಬಿಟ್ಟವರಿಗೆ ಪ್ರವಾಸೋದ್ಯಮ ಕೈಹಿಡಿಯಿತು. ಊರಿಗೆ ಊರು ತಾಗಿಕೊಂಡಿರುವ ಭಾರತದ ಕರಾವಳಿಯಲ್ಲಿ ಹತ್ತು ವರ್ಷ ಕಾಯುವ ಶಕ್ತಿ ಯಾರಿಗಿದೆ ಎಂಬುದೇ ಪ್ರಶ್ನೆ.

ಕಾನೂನಿನಲ್ಲಿ ಏನಿದೆ?

ನಮ್ಮ ದೇಶದಲ್ಲಿ ಪ್ರತ್ಯೇಕವಾದ ಕಡಲ ಸಂರಕ್ಷಣಾ ಕಾಯ್ದೆ ಇಲ್ಲ. ಕಾಡನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಕಡಲಿಗೂ ಅನ್ವಯವಾಗುತ್ತದೆ. 1991ರ ತಿದ್ದುಪಡಿಯಲ್ಲಿ ಸೇರಿದ 26ಎ ವಿಧಿಯು ಒಂದು ಮಹತ್ವದ ಮಾತನ್ನು ಹೇಳುತ್ತದೆ. ಅಭಯಾರಣ್ಯಕ್ಕೆ ಸೇರಿಸಬೇಕಾದ ಜಲಪ್ರದೇಶದ ಮೇರೆಯನ್ನು ನೌಕಾಪಡೆಯ ಮುಖ್ಯ ಜಲಮಾಪನಾಧಿಕಾರಿಯೊಂದಿಗೆ ಸಮಾಲೋಚಿಸಿ, ಸ್ಥಳೀಯ ಮೀನುಗಾರರ ಕಸುಬಿನ ಹಿತರಕ್ಷಣೆಗೆ ಸಾಕಷ್ಟು ಕ್ರಮಗಳನ್ನು ಕೈಗೊಂಡ ಬಳಿಕವೇ ನಿರ್ಧರಿಸಬೇಕು. ಅಂದರೆ ಮೀನುಗಾರನ ಹಿತ ಆಮೇಲೆ ಕೊಡುವ ಪರಿಹಾರವಲ್ಲ, ಗೆರೆ ಎಳೆಯುವುದಕ್ಕೆ ಮುನ್ನ ಈಡೇರಬೇಕಾದ ಷರತ್ತು. ಕಾಯ್ದೆಯ ಈ ಮಾತು ಎಷ್ಟರ ಮಟ್ಟಿಗೆ ಪಾಲನೆಯಾಗಿದೆ ಎಂಬುದರ ಮೇಲೆಯೇ ಪ್ರತಿಯೊಂದು ತಾಣದ ಭವಿಷ್ಯ ನಿಂತಿದೆ.

ಇನ್ನೊಂದು ತೊಡಕೂ ಇದೆ. ತೀರದಿಂದ 12 ನಾಟಿಕಲ್ ಮೈಲುಗಳವರೆಗಿನ, ಅಂದರೆ ಸುಮಾರು 22 ಕಿ.ಮೀ. ದೂರದವರೆಗಿನ ಮೀನುಗಾರಿಕೆ ರಾಜ್ಯ ಸರ್ಕಾರದ ವ್ಯಾಪ್ತಿಗೆ ಸೇರಿದ್ದು. ಅದನ್ನು ನೋಡಿಕೊಳ್ಳುವುದು ಮೀನುಗಾರಿಕಾ ಇಲಾಖೆ. ಅದೇ ನೀರು ಅಭಯಾರಣ್ಯವಾದೊಡನೆ ಅರಣ್ಯ ಇಲಾಖೆಯ ಅಧಿಕಾರಕ್ಕೆ ಬರುತ್ತದೆ. ಒಂದು ಇಲಾಖೆ ದೋಣಿಗೆ ಪರವಾನಗಿಯನ್ನೂ ಡೀಸೆಲ್ ಸಹಾಯಧನವನ್ನೂ ನೀಡುತ್ತದೆ. ಮತ್ತೊಂದು ಇಲಾಖೆ ಅದೇ ದೋಣಿಯನ್ನು ತಡೆಯುತ್ತದೆ.

ಮಾಲ್ವಣ: ಕಾಗದದಲ್ಲಿ ಉಳಿದ ಅಭಯಾರಣ್ಯ

ಕಾರವಾರದಿಂದ ಗೋವಾ ದಾಟಿದರೆ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆ ಸಿಗುತ್ತದೆ. ಅಲ್ಲಿನ ಮಾಲ್ವಣ ಪಟ್ಟಣದ ಎದುರಿನ 29.12 ಚ.ಕಿ.ಮೀ. ಪ್ರದೇಶವನ್ನು 1987ರ ಏಪ್ರಿಲ್‌ನಲ್ಲಿ ಕಡಲ ಅಭಯಾರಣ್ಯವೆಂದು ಘೋಷಿಸಲಾಯಿತು. ಶಿವಾಜಿ ಕಟ್ಟಿಸಿದ ಸಿಂಧುದುರ್ಗ ಕೋಟೆ, ಪದ್ಮಗಡ ಹಾಗೂ ಸುತ್ತಲಿನ ಮುಳುಗುಬಂಡೆಗಳನ್ನು ಒಳಗೊಂಡ 3.18 ಚ.ಕಿ.ಮೀ. ಭಾಗ ಇದರ ಒಡಲು. ಹವಳಗಳು ಇರುವ ಅಪರೂಪದ ತಾಣವಿದು.

ಘೋಷಣೆ ಹೊರಬಿದ್ದಂದಿನಿಂದಲೂ ಮಾಲ್ವಣದ ಮೀನುಗಾರರು ಅದನ್ನು ವಿರೋಧಿಸುತ್ತಲೇ ಬಂದಿದ್ದಾರೆ. ಮನೆಯೆದುರಿನ ನೀರೇ ಅಭಯಾರಣ್ಯವಾದರೆ ಬಲೆ ಹಾಕುವುದೆಲ್ಲಿ, ದೋಣಿ ಕಟ್ಟುವುದೆಲ್ಲಿ ಎಂಬುದು ಅವರ ಪ್ರಶ್ನೆ. ವಿರೋಧದ ಕಾರಣ ದಶಕಗಳ ಕಾಲ ಅಭಯಾರಣ್ಯ ಹೆಸರಿಗಷ್ಟೇ ಉಳಿಯಿತು. ಗಮನಿಸಬೇಕಾದ ಸಂಗತಿಯೆಂದರೆ, ಅಭಯಾರಣ್ಯ ಬೇಡವೆಂದ ಇದೇ ಮೀನುಗಾರರು ಮತ್ತೊಂದೆಡೆ ಕಡಲಿನ ಮೇಲೆ ನಿರ್ಬಂಧ ಬೇಕೆಂದು ಬೀದಿಗಿಳಿದರು. ಹಿಂಡುಹಿಂಡಾಗಿ ಮೀನನ್ನು ಬಾಚಿಕೊಳ್ಳುವ ಪರ್ಸೀನ್ ಬಲೆಗಳನ್ನು ನಿಯಂತ್ರಿಸಬೇಕು ಎಂಬುದು ಅವರ ಬೇಡಿಕೆಯಾಗಿತ್ತು. ಡಾ. ಸೋಮವಂಶಿ ಸಮಿತಿಯ ವರದಿಯ ಆಧಾರದಲ್ಲಿ ಮಹಾರಾಷ್ಟ್ರ ಸರ್ಕಾರ 2016ರ ಫೆಬ್ರುವರಿಯಲ್ಲಿ ಪರ್ಸೀನ್ ದೋಣಿಗಳ ಸಂಖ್ಯೆ, ವಲಯ ಹಾಗೂ ಅವಧಿಗೆ ಮಿತಿ ವಿಧಿಸಿತು.

ಈ ವಿವಾದಕ್ಕೆ ಕರ್ನಾಟಕದ ನಂಟೂ ಇದೆ. ಮಲ್ಪೆ ಮತ್ತಿತರ ಬಂದರುಗಳ ದೊಡ್ಡ ಟ್ರಾಲ್ ದೋಣಿಗಳು ಗಡಿ ಮೀರಿ ತಮ್ಮ ತೀರದ ಸಮೀಪ ಬಲೆ ಎಳೆಯುತ್ತವೆ ಎಂಬುದು ಸಿಂಧುದುರ್ಗದವರ ಹಳೆಯ ದೂರು. ದೋಣಿಗಳನ್ನು ವಶಪಡಿಸಿಕೊಂಡ, ಕಡಲಿನಲ್ಲಿಯೇ ಘರ್ಷಣೆಗಿಳಿದ ಪ್ರಸಂಗಗಳೂ ನಡೆದಿವೆ. ಮಾಲ್ವಣದವರ ವಿರೋಧ ಸಂರಕ್ಷಣೆಗಲ್ಲ. ದೊಡ್ಡ ಬಲೆಯನ್ನು ಬಿಟ್ಟು ಸಣ್ಣ ಬಲೆಯನ್ನು ಮೊದಲು ತಡೆಯುವ ಕ್ರಮಕ್ಕೆ ಎಂಬುದು ಇದರಿಂದ ವಿದಿತವಾಗುತ್ತದೆ.

ಗಹಿರ್‌ಮಾತಾ: ಆಮೆಯ ಹೆಸರಿನಲ್ಲಿ ಸಂಘರ್ಷ

ಒಡಿಶಾದ ಗಹಿರ್‌ಮಾತಾ ತೀರದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಏಕಕಾಲಕ್ಕೆ ದಡವೇರಿ ಮೊಟ್ಟೆಯಿಡುವುದು 1974ರಲ್ಲಿ ವಿಜ್ಞಾನ ಲೋಕದ ಗಮನಕ್ಕೆ ಬಂತು. 1997ರ ಸೆಪ್ಟೆಂಬರ್‌ನಲ್ಲಿ 1,435 ಚ.ಕಿ.ಮೀ. ವಿಸ್ತಾರದ ಕಡಲ ಅಭಯಾರಣ್ಯ ಇಲ್ಲಿ ಅಸ್ತಿತ್ವಕ್ಕೆ ಬಂತು. ಜತೆಗೆ ಧಾಮ್ರಾ, ದೇವಿ, ಋಷಿಕುಲ್ಯಾ ನದಿಗಳ ಅಳಿವೆಯ ಸಮೀಪ ಪ್ರತಿವರ್ಷ ನವೆಂಬರ್ 1ರಿಂದ ಮೇ 31ರವರೆಗೆ ತೀರದಿಂದ 20 ಕಿ.ಮೀ. ದೂರದವರೆಗೆ ಮೀನುಗಾರಿಕೆಗೆ ನಿಷೇಧವಿದೆ.

ಆಮೆ ನೀರಿನಲ್ಲಿ ವಾಸಿಸಿದರೂ ಉಸಿರಾಡುವುದು ಗಾಳಿಯನ್ನು. ಗಂಟೆಗಟ್ಟಲೆ ನೀರಿನಡಿ ಎಳೆಯುವ ಟ್ರಾಲ್ ಬಲೆಗೆ ಸಿಲುಕಿದರೆ ಉಸಿರುಗಟ್ಟಿ ಸಾಯುತ್ತದೆ. ಇದನ್ನು ತಪ್ಪಿಸಲು ಬಲೆಯ ಒಳಗೆ ಕಬ್ಬಿಣದ ಸರಳುಗಳ ಚೌಕಟ್ಟೊಂದನ್ನು ಜೋಡಿಸುವ ವಿಧಾನವಿದೆ. ಮೀನು, ಸಿಗಡಿ ಸರಳುಗಳ ನಡುವೆ ನುಸುಳಿ ಬಲೆಯ ತುದಿ ಸೇರುತ್ತವೆ. ಆಮೆ ಸರಳಿಗೆ ತಾಗಿ ಮೇಲಿನ ಕಿಂಡಿಯಿಂದ ಹೊರಬೀಳುತ್ತದೆ. ಆದರೆ ಕಿಂಡಿಯಿಂದ ಮೀನೂ ಜಾರಿಹೋಗುತ್ತದೆ ಎಂಬ ಕಾರಣಕ್ಕೆ ಟ್ರಾಲ್ ದೋಣಿಗಳ ಮಾಲೀಕರು ಇದರ ಬಳಕೆಗೆ ಹಿಂದೇಟು ಹಾಕುತ್ತ ಬಂದಿದ್ದಾರೆ.

ಆಮೆಯನ್ನು ಹೆಚ್ಚಾಗಿ ಕೊಲ್ಲುವುದು ಟ್ರಾಲ್ ದೋಣಿಯಾದರೂ ಏಳು ತಿಂಗಳ ನಿಷೇಧದ ಬಿಸಿ ಹೆಚ್ಚಾಗಿ ತಟ್ಟಿದ್ದು ತೀರದ ಸಮೀಪವೇ ದುಡಿಯುವ ಸಣ್ಣ ಮೀನುಗಾರರಿಗೆ. ದೊಡ್ಡ ದೋಣಿ ದೂರದ ಕಡಲಿಗೆ ಹೋಗಬಲ್ಲದು. ಸಣ್ಣ ದೋಣಿಗೆ ಆ ಸಾಮರ್ಥ್ಯವಿಲ್ಲ. ಈ ಅಸಮತೋಲನವನ್ನು ಮನಗಂಡ ಸಾಂಪ್ರದಾಯಿಕ ಮೀನುಗಾರರ ಸಂಘಟನೆ ಹಾಗೂ ಆಮೆ ಸಂರಕ್ಷಣಾ ಸಂಸ್ಥೆಗಳು 2000ದ ದಶಕದಲ್ಲಿ ಒಂದೇ ವೇದಿಕೆಯಡಿ ಸೇರಿ ಮಾತುಕತೆ ಆರಂಭಿಸಿದುದು ಉಲ್ಲೇಖಾರ್ಹ.

ಅದೇ ರಾಜ್ಯದ ದಕ್ಷಿಣ ತುದಿಯ ಋಷಿಕುಲ್ಯಾ ಬೇರೆಯದೇ ಕಥೆ ಹೇಳುತ್ತದೆ. ಇಲ್ಲಿ ಆಮೆಗಳು ಸಾಮೂಹಿಕವಾಗಿ ಮೊಟ್ಟೆಯಿಡುವುದು ಬೆಳಕಿಗೆ ಬಂದದ್ದು 1994ರಲ್ಲಿ. ನಿಷೇಧದ ಅವಧಿ ಇಲ್ಲಿಗೂ ಅನ್ವಯಿಸುತ್ತದೆಯಾದರೂ ಈ ತೀರ ಗಹಿರ್‌ಮಾತಾದಂತೆ ಅಭಯಾರಣ್ಯವಾಗಿಲ್ಲ. ಪುರುಣಬಂಧ, ಪೊಡಂಪೇಟ, ಗೋಖರಕುದ ಮೊದಲಾದ ಮೀನುಗಾರರ ಹಳ್ಳಿಗಳ ಯುವಕರೇ ಅರಣ್ಯ ಇಲಾಖೆಯೊಂದಿಗೆ ಕೈಜೋಡಿಸಿ ಗೂಡುಗಳನ್ನು ಕಾಯುತ್ತಾರೆ. ದಾರಿ ತಪ್ಪಿ ಊರಿನ ದೀಪಗಳತ್ತ ಹರಿಯುವ ಮರಿಗಳನ್ನು ಬುಟ್ಟಿಯಲ್ಲಿ ತುಂಬಿ ಕಡಲಿಗೆ ಬಿಡುತ್ತಾರೆ. 2025ರಲ್ಲಿ ಇಲ್ಲಿ ಸುಮಾರು 7 ಲಕ್ಷ ಹಾಗೂ ಗಹಿರ್‌ಮಾತಾದಲ್ಲಿ 6 ಲಕ್ಷಕ್ಕೂ ಹೆಚ್ಚು ಆಮೆಗಳು ಮೊಟ್ಟೆಯಿಟ್ಟವು.

ಮನ್ನಾರ್ ಖಾರಿ: ಪಾಚಿ ಕೀಳುವ ಮಹಿಳೆಯರ ಒಪ್ಪಂದ

ತಮಿಳುನಾಡಿನ ತೂತ್ತುಕುಡಿಯಿಂದ ರಾಮೇಶ್ವರದವರೆಗಿನ 21 ನಡುಗಡ್ಡೆಗಳನ್ನು ಒಳಗೊಂಡ 560 ಚ.ಕಿ.ಮೀ. ಪ್ರದೇಶ 1986ರಲ್ಲಿ ಮನ್ನಾರ್ ಖಾರಿ ಕಡಲ ರಾಷ್ಟ್ರೀಯ ಉದ್ಯಾನವಾಯಿತು. 1989ರಲ್ಲಿ ಸುತ್ತಲಿನ 10,500 ಚ.ಕಿ.ಮೀ. ಪ್ರದೇಶವನ್ನು ಜೀವಗೋಲ ಮೀಸಲು ಎಂದು ಸಾರಲಾಯಿತು. ಇಲ್ಲಿ ರಕ್ಷಣೆಯ ಅಗತ್ಯ ಎಷ್ಟಿತ್ತೆಂಬುದಕ್ಕೆ ಎರಡು ನಡುಗಡ್ಡೆಗಳೇ ಸಾಕ್ಷಿ. ಸುಣ್ಣಕ್ಕಾಗಿ, ಕಟ್ಟಡಕ್ಕಾಗಿ ಹವಳದ ಕಲ್ಲನ್ನು ಮಿತಿಮೀರಿ ಅಗೆದ ಪರಿಣಾಮ ಪೂವರಸನ್‌ಪಟ್ಟಿ ಮತ್ತು ವಿಲಂಗುಚಲ್ಲಿ ನಡುಗಡ್ಡೆಗಳು ನೀರಿನಡಿ ಮುಳುಗಿವೆ.

ಆದರೆ ಉದ್ಯಾನದ ನಿಯಮ ಬಿಗಿಯಾದಾಗ ಸಂಕಷ್ಟಕ್ಕೆ ಸಿಲುಕಿದವರು ನಡುಗಡ್ಡೆಗಳ ಸುತ್ತ ಮುಳುಗಿ ಕಡಲಪಾಚಿ ಕೀಳುತ್ತಿದ್ದ ಮಹಿಳೆಯರು. ಅಗರ್ ಮೊದಲಾದ ಪದಾರ್ಥಗಳ ತಯಾರಿಕೆಗೆ ಬೇಕಾದ ಈ ಪಾಚಿಯೇ ಅವರ ಜೀವನಾಧಾರ. ಅರಣ್ಯ ಸಿಬ್ಬಂದಿಯೊಂದಿಗಿನ ಜಟಾಪಟಿ ವರ್ಷಗಟ್ಟಲೆ ನಡೆಯಿತು. ಕಡೆಗೆ ಮಹಿಳೆಯರು ಸಂಘಟಿತರಾಗಿ ತಾವೇ ಕಟ್ಟುಪಾಡು ಹಾಕಿಕೊಂಡರು. ತಿಂಗಳಲ್ಲಿ 12 ದಿನ ಮಾತ್ರ ಕಡಲಿಗಿಳಿಯುವುದು, ಉಪಕರಣ ಬಳಸದೆ ಕೈಯಿಂದಲೇ ಕೀಳುವುದು, ಪಾಚಿ ಬೆಳೆಯುವ ಕಾಲದಲ್ಲಿ ಬಿಡುವು ಕೊಡುವುದು ಅದರಲ್ಲಿ ಮುಖ್ಯವಾದವು. ಈ ಮಹಿಳೆಯರ ಪರವಾಗಿ ದನಿಯೆತ್ತಿದ ಚಿನ್ನಪಾಲಂನ ಲಕ್ಷ್ಮಿ ಮೂರ್ತಿ ಅವರಿಗೆ 2015ರಲ್ಲಿ ಅಂತಾರಾಷ್ಟ್ರೀಯ ಸೀಕಾಲಜಿ ಪ್ರಶಸ್ತಿ ಸಂದಿತು.

ಇದೇ ರಾಜ್ಯ 2022ರ ಸೆಪ್ಟೆಂಬರ್‌ನಲ್ಲಿ ಮತ್ತೊಂದು ಹೆಜ್ಜೆ ಇಟ್ಟಿತು. ತಂಜಾವೂರು ಹಾಗೂ ಪುದುಕ್ಕೋಟೆ ಜಿಲ್ಲೆಗಳ ತೀರಕ್ಕೆ ಹೊಂದಿದ ಪಾಕ್ ಕೊಲ್ಲಿಯಲ್ಲಿ 448 ಚ.ಕಿ.ಮೀ. ವಿಸ್ತಾರದ, ದೇಶದ ಮೊದಲ ಕಡಲಹಸು ಮೀಸಲು ಪ್ರದೇಶವನ್ನು ಅಧಿಸೂಚಿಸಿತು. ಇದು ರಾಷ್ಟ್ರೀಯ ಉದ್ಯಾನವೂ ಅಲ್ಲ, ಅಭಯಾರಣ್ಯವೂ ಅಲ್ಲ. ವನ್ಯಜೀವಿ ಕಾಯ್ದೆಯ 36ಎ ವಿಧಿಯಡಿ ಬರುವ ಸಂರಕ್ಷಣಾ ಮೀಸಲು. ಈ ವಿಧಿಯಡಿ ಸ್ಥಳೀಯರೊಂದಿಗೆ ಸಮಾಲೋಚನೆ ನಡೆಸುವುದು ಕಡ್ಡಾಯ, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳಿಗೂ ಸ್ಥಾನವಿದೆ. ಮೀನುಗಾರಿಕೆಗೆ ಹೊಸದಾಗಿ ನಿಷೇಧ ಹೇರಲಿಲ್ಲ. ಬಲೆಗೆ ಸಿಕ್ಕ ಕಡಲಹಸುವನ್ನು ಜೀವಂತವಾಗಿ ಕಡಲಿಗೆ ಬಿಟ್ಟ ಮೀನುಗಾರರನ್ನು ಸನ್ಮಾನಿಸಿ ಬಹುಮಾನ ನೀಡುವ ಪದ್ಧತಿಯೂ ಅಲ್ಲಿ ಬೆಳೆದಿದೆ.

ಕರ್ನಾಟಕದ ಕಡಲಿನಲ್ಲಿ

ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಸುಮಾರು 320 ಕಿ.ಮೀ. ಕರಾವಳಿಯಲ್ಲಿ ಈ ಸಂಘರ್ಷಕ್ಕೆ ಅರ್ಧ ಶತಮಾನದ ಇತಿಹಾಸವಿದೆ. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಒಂದು ಕಾಲಕ್ಕೆ ಬಂಗುಡೆ ಹಾಗೂ ಭೂತಾಯಿಯ ಮುಖ್ಯ ಮೂಲವಾಗಿತ್ತು. 1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ದೋಣಿಗಳು ಬಂದವು. ಮೀನಿನ ಹಿಂಡು ದಡ ತಲುಪುವ ಮುನ್ನವೇ ಬಲೆಗೆ ಬೀಳತೊಡಗಿತು. ರಂಪಣಿ ಮೂಲೆ ಸೇರಿತು. ಅಂದು ಸಾಂಪ್ರದಾಯಿಕ ಮೀನುಗಾರರು ಎತ್ತಿದ ಪ್ರಶ್ನೆಯನ್ನೇ ನಂತರ ಮಾಲ್ವಣದವರು ಎತ್ತಿದ್ದಾರೆ.

ಇಂದು ಯಾರೂ ಪ್ರಶ್ನಿಸದ ಮಳೆಗಾಲದ ನಿಷೇಧವೂ ಮೀನುಗಾರರ ಹೋರಾಟದಿಂದ ಹುಟ್ಟಿದ್ದು. ಕೇರಳದ ಸಾಂಪ್ರದಾಯಿಕ ಮೀನುಗಾರರು 1980ರ ದಶಕದಲ್ಲಿ ನಡೆಸಿದ ತೀವ್ರ ಚಳವಳಿಯ ಫಲವಾಗಿ 1988ರಲ್ಲಿ ಅಲ್ಲಿ ಮಳೆಗಾಲದ ಟ್ರಾಲಿಂಗ್‌ಗೆ ತಡೆ ಬಿತ್ತು. ಈಗ ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ದಡದಲ್ಲಿರುತ್ತವೆ. ಕರ್ನಾಟಕದಲ್ಲಿ ಈ ಅವಧಿಯಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಬಳಸುವ ನಾಡದೋಣಿಗಳಿಗೆ ವಿನಾಯಿತಿ ಇದೆ. ದೊಡ್ಡ ಬಲೆಗೆ ತಡೆ, ಸಣ್ಣ ಬಲೆಗೆ ಅವಕಾಶ ಎಂಬ ತತ್ವ ಇಲ್ಲಿ ಪಾಲನೆಯಾಗಿದೆ. ಹೀಗಾಗಿಯೇ ನಿಷೇಧ ಜನರ ಒಪ್ಪಿಗೆ ಪಡೆದು ಉಳಿದುಕೊಂಡಿದೆ.

ನಿಯಮವಿದ್ದರೂ ಪಾಲನೆಯಿಲ್ಲದ ಉದಾಹರಣೆಗಳಿಗೂ ಕೊರತೆಯಿಲ್ಲ. ಎರಡು ದೋಣಿಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಹಾಗೂ ಪ್ರಖರ ದೀಪ ಹೊತ್ತಿಸಿ ಮೀನು ಸೆಳೆಯುವ ಬೆಳಕು ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಅದರ ನಂತರವೂ ಇವು ನಿಂತಿಲ್ಲವೆಂದು ನಾಡದೋಣಿಯವರು ಪದೇಪದೇ ಪ್ರತಿಭಟನೆ ನಡೆಸಿದ್ದಾರೆ.

ಈ ದಶಕದ ಆರಂಭದಲ್ಲಿ ಹೊನ್ನಾವರ ತಾಲೂಕಿನ ಅಪ್ಸರಕೊಂಡ–ಮುಗಳಿ ಪ್ರದೇಶದಲ್ಲಿ ರಾಜ್ಯದ ಮೊದಲ ಕಡಲ ವನ್ಯಜೀವಿ ಧಾಮ ರೂಪುಗೊಂಡಿತು. ಸುಮಾರು 6 ಸಾವಿರ ಹೆಕ್ಟೇರ್ ವಿಸ್ತಾರದ ಇದರ ಬಹುಪಾಲು ಕಡಲು. ಸಮೀಪದ ಕಾಸರಕೋಡು ತೀರದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುತ್ತವೆ. ಅಲ್ಲಿ ಖಾಸಗಿ ಬಂದರು ನಿರ್ಮಾಣವನ್ನು ವಿರೋಧಿಸಿದ ಮೀನುಗಾರರು ತಮ್ಮ ಬದುಕಿನೊಂದಿಗೆ ಆಮೆಯ ಗೂಡುಗಳನ್ನೂ ಮುಂದಿಟ್ಟುಕೊಂಡು ವಾದಿಸಿದ್ದರು. ಆಮೆಯ ಪರವಾಗಿ ನಿಂತ ಜನರನ್ನೇ ನಾಳೆ ಆಮೆಯ ಹೆಸರಿನಲ್ಲಿ ದೂರವಿಟ್ಟರೆ ಹೊನ್ನಾವರವೂ ಮತ್ತೊಂದು ಮಾಲ್ವಣವಾದೀತು.

ಸಮತೋಲನದ ದಾರಿ

ಈ ಅನುಭವಗಳಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಗೆರೆ ಎಳೆಯುವ ಮುನ್ನ ಮಾತುಕತೆ ನಡೆಯಬೇಕು. ಮೀನು ಎಲ್ಲಿ ಮರಿ ಮಾಡುತ್ತದೆ, ಯಾವ ಬಂಡೆಯ ಬುಡದಲ್ಲಿ ಯಾವ ತಿಂಗಳು ಸೇರುತ್ತದೆ ಎಂಬುದು ತಲೆಮಾರುಗಳಿಂದ ಅದೇ ನೀರಿನಲ್ಲಿ ದುಡಿದ ಮೊಗವೀರ, ಖಾರ್ವಿ, ಹರಿಕಂತ್ರ ಸಮುದಾಯಗಳಿಗೆ ತಿಳಿದಿರುತ್ತದೆ. ಅವರ ತಿಳಿವಳಿಕೆಯನ್ನು ಬಿಟ್ಟು ಸಿದ್ಧಪಡಿಸಿದ ನಕ್ಷೆ ಪೂರ್ಣವಾಗದು.

ಎರಡನೆಯದು, ನಿರ್ಬಂಧ ಹಾನಿಗೆ ತಕ್ಕಂತಿರಬೇಕು. ಕೈಗಾಳಕ್ಕೂ ಟ್ರಾಲ್ ಬಲೆಗೂ ಒಂದೇ ನಿಯಮ ಸಲ್ಲದು. ನಿಷೇಧಕ್ಕಿಂತ ಬಲೆಯ ಸುಧಾರಣೆಯೇ ಫಲ ಕೊಡುವ ಸಂದರ್ಭಗಳೂ ಉಂಟು. ಟ್ರಾಲ್ ಬಲೆಯ ತುದಿಯ ಚೀಲದಲ್ಲಿ ವಜ್ರಾಕೃತಿಯ ಕಣ್ಣುಗಳಿದ್ದರೆ ಎಳೆತಕ್ಕೆ ಮುಚ್ಚಿಕೊಳ್ಳುತ್ತವೆ. ಚೌಕಾಕೃತಿಯ ಕಣ್ಣುಗಳಿದ್ದರೆ ತೆರೆದೇ ಇದ್ದು ಮರಿಮೀನುಗಳು ಪಾರಾಗುತ್ತವೆ. ಮೀನುಹಿಟ್ಟಿನ ಕಾರ್ಖಾನೆಗಳಿಗೆ ರಾಶಿರಾಶಿ ಮರಿಮೀನು ಸಾಗುವ ಕರಾವಳಿಯಲ್ಲಿ ಇದು ಸಣ್ಣ ವಿಷಯವಲ್ಲ.

ಮೂರನೆಯದು, ನಷ್ಟಕ್ಕೆ ಹೊಣೆ ಹೊರುವವರು ಬೇಕು. ಮೀನು ವೃದ್ಧಿಯಾಗಲು ವರ್ಷಗಳು ಹಿಡಿಯುತ್ತವೆ. ಮನೆಯ ಒಲೆ ಅಷ್ಟು ಕಾಲ ಕಾಯದು. ಕಾಯುವ ಅವಧಿಗೆ ಸಕಾಲದಲ್ಲಿ ತಲುಪುವ ನೆರವು, ಆಮೆ ಹಾಗೂ ಹವಳ ನೋಡಲು ಬರುವ ಪ್ರವಾಸಿಗರಿಂದ ದೊರೆಯುವ ಆದಾಯದಲ್ಲಿ ಪಾಲು, ಕಾವಲಿನ ಕೆಲಸದಲ್ಲಿ ಮೀನುಗಾರ ಯುವಕರಿಗೆ ಆದ್ಯತೆ ಇವೆಲ್ಲವೂ ಯೋಜನೆಯ ಭಾಗವಾಗಬೇಕು. ಹಸಿಮೀನು ಮಾರುವ, ಒಣಗಿಸುವ ಮಹಿಳೆಯರನ್ನು ಪರಿಹಾರದ ಪಟ್ಟಿಯಿಂದ ಬಿಡುವಂತಿಲ್ಲ. ಸಣ್ಣ ಪ್ರಮಾಣದ ಮೀನುಗಾರಿಕೆ ಕುರಿತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2014ರಲ್ಲಿ ಒಪ್ಪಿದ ಮಾರ್ಗಸೂಚಿಯೂ ಮಹಿಳೆಯರ ಪಾತ್ರವನ್ನು ಒತ್ತಿ ಹೇಳಿದೆ.

ಕಡಲು ಬರಿದಾದರೆ ಮೊದಲು ದಡದಲ್ಲಿ ಉಳಿಯುವುದು ದೂರ ಹೋಗಲಾರದ ಸಣ್ಣ ದೋಣಿ. ಆದ್ದರಿಂದ ಸಂರಕ್ಷಣೆಯ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಆ ದೋಣಿಯವನಿಗೇ. ಅವನ ಸಮ್ಮತಿ ಪಡೆದ ಗೆರೆಯನ್ನು ಅವನೇ ಕಾಯುತ್ತಾನೆ. ಸಮ್ಮತಿಯಿಲ್ಲದೆ ಎಳೆದ ಗೆರೆಯನ್ನು ಕಾಯಲು 22 ಕಿ.ಮೀ. ಅಗಲದ ನೀರಿನ ಮೇಲೆ ಇಲಾಖೆಯ ಬಳಿ ಎಷ್ಟು ಗಸ್ತುದೋಣಿಗಳಿದ್ದರೂ ಸಾಲದು.